ಕೊಡಗಿನ ರೈಲುಮಾರ್ಗ ಚಳವಳಿಯ ದಾಖಲೆಗಳು

ಕೊಡಗಿಗೆ ರೈಲು ಬೇಕು ಎಂದವರೂ ಬೇಡ ಎಂದವರೂ ಬರೆದ, ಅಚ್ಚು ಹಾಕಿಸಿದ, ಕಚೇರಿಗಳಿಂದ ಪಡೆದ ಕಾಗದಪತ್ರಗಳ ಒಟ್ಟು ರಾಶಿಗೆ ಈ ಹೆಸರು ಸಲ್ಲುತ್ತದೆ. ಮನವಿ, ಸಭೆಯ ನಡಾವಳಿ, ಸರ್ವೆ ನಕ್ಷೆಯ ಪ್ರತಿ, ಕರಪತ್ರ, ಪತ್ರಿಕಾ ತುಣುಕು, ನ್ಯಾಯಾಲಯದ ಕಡತ, ಮಾಹಿತಿ ಹಕ್ಕಿನ ಉತ್ತರ ಎಲ್ಲವೂ ಇದರೊಳಗೆ ಬರುತ್ತವೆ. ಕರ್ನಾಟಕದಲ್ಲಿ ರೈಲು ಹಳಿಯೇ ಇಲ್ಲದ ಜಿಲ್ಲೆ ಕೊಡಗು. ಹಳಿ ಬಾರದ ಊರಿನಲ್ಲಿ ರೈಲಿನ ಚರಿತ್ರೆ ಉಳಿಯುವುದು ಕಾಗದದಲ್ಲಿ ಮಾತ್ರ.

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1854ರಲ್ಲಿ ಮಡಿಕೇರಿಯ ಬಳಿ ಜಾನ್ ಫೌಲರ್ ಕಾಫಿ ತೋಟ ತೆರೆದ ಮೇಲೆ ಯುರೋಪಿಯನ್ ತೋಟಗಳು ಒಂದರ ಹಿಂದೆ ಒಂದು ಬಂದವು; ಬೆಳೆದ ಕಾಫಿಯನ್ನು ಘಟ್ಟ ಇಳಿಸಿ ಬಂದರಿಗೆ ಮುಟ್ಟಿಸುವುದೇ ದೊಡ್ಡ ಕೆಲಸವಾಯಿತು. ತಲಶ್ಶೇರಿಯಿಂದ ಮೈಸೂರಿಗೆ ಹಳಿ ಹಾಕುವ ಯೋಚನೆಯ ಬೇರು ಈ ಕಾಲದ ವ್ಯಾಪಾರದಲ್ಲಿದೆ. ಇಪ್ಪತ್ತನೆಯ ಶತಮಾನದುದ್ದಕ್ಕೂ ಅದು ಮತ್ತೆ ಮತ್ತೆ ತಲೆಯೆತ್ತಿತು, ಮತ್ತೆ ಮತ್ತೆ ಕಡತ ಸೇರಿತು. 1952ರಿಂದ 1956ರವರೆಗೆ ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಿ.ಎಂ. ಪೂಣಚ್ಚ 1967ರಿಂದ 1969ರವರೆಗೆ ಕೇಂದ್ರದ ರೈಲ್ವೆ ಸಚಿವರಾಗಿದ್ದರು. ಸ್ವತಃ ರೈಲ್ವೆ ಸಚಿವರನ್ನೇ ಕೊಟ್ಟ ನಾಡಿಗೆ ರೈಲು ಬರಲಿಲ್ಲವೆಂಬುದನ್ನು ಇವತ್ತಿಗೂ ಎರಡೂ ಪಕ್ಷದವರು ಗಮನಿಸಬೇಕು. ಆ ಎರಡು ವರ್ಷಗಳ ಪತ್ರವ್ಯವಹಾರ ಸಂಶೋಧಕರ ಕೈಗೆ ಸಿಗುವುದು ಅಷ್ಟೇ ಮುಖ್ಯ.

ವಿವಾದ ಬಿಸಿಯೇರಿದ್ದು 2010ರ ದಶಕದಲ್ಲಿ. ಮೈಸೂರು–ಕೋಯಿಕ್ಕೋಡ್ 400 ಕೆ.ವಿ. ವಿದ್ಯುತ್ ಮಾರ್ಗಕ್ಕಾಗಿ ದಕ್ಷಿಣ ಕೊಡಗಿನಲ್ಲಿ 50 ಸಾವಿರಕ್ಕೂ ಹೆಚ್ಚು ಮರಗಳು ಉರುಳಿದವು. ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಅದರ ವಿರುದ್ಧ ಹೋರಾಡಿ ನ್ಯಾಯಾಲಯದ ಮೆಟ್ಟಿಲೇರಿತ್ತು. ಆ ಗಾಯ ಹಸಿಯಾಗಿರುವಾಗಲೇ ಎರಡು ರೈಲು ಯೋಜನೆಗಳ ಸುದ್ದಿ ಬಂತು. ಒಂದು, ಸುಮಾರು 87 ಕಿ.ಮೀ. ಉದ್ದದ ಮೈಸೂರು–ಕುಶಾಲನಗರ ಮಾರ್ಗ. ಇನ್ನೊಂದು, ಹಳೆಯ ತಲಶ್ಶೇರಿ–ಮೈಸೂರು ಮಾರ್ಗ. ಕುಶಾಲನಗರ ಜಿಲ್ಲೆಯ ಅಂಚಿನಲ್ಲಿ, ಕಾವೇರಿಯ ದಡದಲ್ಲಿದೆ; ಅಲ್ಲಿಯವರೆಗೆ ರೈಲು ಬಂದರೆ ಬೆಟ್ಟಕ್ಕೆ ತೊಂದರೆಯಿಲ್ಲ, ವ್ಯಾಪಾರಕ್ಕೂ ಓದುವ ಮಕ್ಕಳಿಗೂ ಅನುಕೂಲ ಎಂದು ಬೆಂಬಲಿಗರು ವಾದಿಸಿದರು. ಆಗಿನ ಸಂಸದ ಪ್ರತಾಪ ಸಿಂಹ ಈ ಮಾರ್ಗದ ಪರವಾಗಿದ್ದರು. ಅಲ್ಲಿಗೆ ಬಂದ ಹಳಿ ಅಲ್ಲಿಗೇ ನಿಲ್ಲುವುದಿಲ್ಲ, ಕಾಡು, ಆನೆದಾರಿ, ಕಾವೇರಿಯ ಜಲಮೂಲ ಮೂರಕ್ಕೂ ಕುತ್ತು ಎಂಬುದು ‘ಕೊಡಗು ಉಳಿಸಿ, ಕಾವೇರಿ ಉಳಿಸಿ’ ಎಂದು ಬೀದಿಗಿಳಿದವರ ಮಾತು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಸುತ್ತಮುತ್ತ ಗುಡ್ಡಗಳು ಜರಿದವು, ಮಡಿಕೇರಿ–ಮಂಗಳೂರು ರಸ್ತೆಯೇ ಕಡಿದುಹೋಯಿತು. ದಾಖಲೆಯ ದೃಷ್ಟಿಯಿಂದ ಈ ತಿಂಗಳು ಒಂದು ಗಡಿ. ಬೆಟ್ಟ ಕಡಿಯುವುದರ ಬಗ್ಗೆ ಯಾರು ಏನು ಹೇಳಿದ್ದರು, ದುರಂತಕ್ಕೆ ಮೊದಲೋ ಆಮೇಲೋ ಎಂಬುದನ್ನು ತೀರ್ಮಾನಿಸುವುದು ಕಾಗದದ ಮೇಲಿನ ತಾರೀಖು ಮಾತ್ರ. ತಾರೀಖಿಲ್ಲದ ಕರಪತ್ರ ಚರಿತ್ರೆಕಾರನಿಗೆ ಅರ್ಧ ಸಾಕ್ಷಿ. ಆದ್ದರಿಂದ ಮಾಹಿತಿ ಹಕ್ಕಿನ ಉತ್ತರವನ್ನು ಅದು ಬಂದ ಲಕೋಟೆಯ ಸಮೇತ ಇಡಬೇಕು; ಅಂಚೆ ಮುದ್ರೆಯೂ ದಾಖಲೆಯೇ.

ಸರ್ಕಾರದ ಕಡೆಯ ಕಾಗದಗಳಿಗೆ ಒಂದು ನೆಲೆಯಿದೆ. ಕೇಂದ್ರ ಸರ್ಕಾರದ ಕಚೇರಿಗಳ ಕಡತಗಳು 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಗೆ ಒಳಪಡುತ್ತವೆ. 1892ಕ್ಕೆ ಮೊದಲಿನ ದಾಖಲೆಯನ್ನು, ಪತ್ರಾಗಾರದ ಬಳಕೆಗೆ ಬಾರದಷ್ಟು ಹಾಳಾಗಿದ್ದರೆ ಹೊರತು, ನಾಶಮಾಡುವಂತಿಲ್ಲ ಎಂದು ಆ ಕಾಯಿದೆ ಹೇಳುತ್ತದೆ. ರಾಜ್ಯದ ಕಡತಗಳಿಗೆ ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರವಿದೆ. ಮಡಿಕೇರಿಯಿಂದ 1957ರಿಂದ ಹೊರಬರುತ್ತಿರುವ ‘ಶಕ್ತಿ’ ದಿನಪತ್ರಿಕೆಯಂಥ ಸ್ಥಳೀಯ ಪತ್ರಿಕೆಗಳ ಹಳೆಯ ಸಂಚಿಕೆಗಳು ಸರ್ಕಾರದ ಮಾತಿಗೆ ಎದುರು ಮಾತನ್ನು ಕೊಡುತ್ತವೆ. ಆದರೆ ಹೋರಾಟಗಾರರ ಕಾಗದಕ್ಕೆ ಯಾವ ಕಾಯಿದೆಯ ಆಸರೆಯೂ ಇಲ್ಲ. ಸಮಿತಿ ಒಂದು ಬೇಡಿಕೆಗಾಗಿ ಹುಟ್ಟುತ್ತದೆ, ಅದು ಮುಗಿದಾಗ ಚದುರುತ್ತದೆ. ಕಡತ ಕಾರ್ಯದರ್ಶಿಯ ಮನೆಯ ಬೀರುವಿನಲ್ಲಿ ಉಳಿಯುತ್ತದೆ. ಮುಂದಿನ ತಲೆಮಾರು ಮನೆ ಬದಲಿಸಿದ ದಿನ ಅದು ರದ್ದಿಗೆ ಹೋಗುತ್ತದೆ.

ಕೊಡಗಿನ ಹವೆ ಕಾಗದದ ಶತ್ರು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಪುಸ್ತಕದ ರಟ್ಟಿನ ಮೇಲೆ ಬೂಸ್ಟು ಹಬ್ಬುತ್ತದೆ. ಗೆದ್ದಲು, ಬೆಳ್ಳಿಹುಳದ ಕಾಟ ಬೇರೆ. ಮಲೆನಾಡಿನ ಹಿರಿಯರು ತಾಳೆಗರಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು ಕಾಪಾಡುತ್ತಿದ್ದರು. ತಾಳೆಗರಿಗೆ ಒಗ್ಗುವ ಆ ಉಪಾಯ ಕಾಗದಕ್ಕೆ ಒಗ್ಗುವುದಿಲ್ಲ, ಹೊಗೆಗೆ ಕಾಗದ ಕಂದಿ ಮುರಿಯುತ್ತದೆ. 1990ರ ದಶಕದ ಫ್ಯಾಕ್ಸ್ ಹಾಳೆಗಳ ಪಾಡು ಇನ್ನೂ ಕೆಟ್ಟದ್ದು. ಬಿಸಿ ತಾಗಿ ಅಕ್ಷರ ಮೂಡುವ ಆ ನುಣುಪು ಕಾಗದ ಕೆಲವೇ ವರ್ಷಗಳಲ್ಲಿ ಬೆಳ್ಳಗಾಗುತ್ತದೆ. ದೆಹಲಿಯಿಂದ ಬಂದ ಮುಖ್ಯ ಉತ್ತರವೊಂದು ಇಂಥ ಹಾಳೆಯಲ್ಲಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿ ಒಳ್ಳೆಯ ಕಾಗದಕ್ಕೆ ಇಳಿಸಿಕೊಳ್ಳಬೇಕು.

ಜೋಡಿಸುವ ಕೆಲಸದಲ್ಲಿ ಹೊಸಬರು ಎಡವುವುದು ಒಂದೇ ಕಡೆ: ಎಲ್ಲವನ್ನೂ ಬಿಚ್ಚಿ ವಿಷಯವಾರು ಮರುಜೋಡಿಸಲು ಹೊರಡುತ್ತಾರೆ. ಪತ್ರಾಗಾರ ಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಕಡತ ಇದ್ದ ಕ್ರಮದಲ್ಲಿಯೇ ಇರಬೇಕು, ಒಂದು ಸಂಘದ ಕಾಗದ ಇನ್ನೊಂದರ ಜೊತೆ ಬೆರೆಯಬಾರದು. ಮನವಿಯ ಹಿಂದೆ ಕ್ಲಿಪ್ ಹಾಕಿಟ್ಟ ಪತ್ರಿಕಾ ತುಣುಕೇ ಆ ಮನವಿ ಏಕೆ ಹುಟ್ಟಿತೆಂದು ಹೇಳುತ್ತಿರಬಹುದು. ಬೇರ್ಪಡಿಸಿದರೆ ಎರಡೂ ಮೂಕವಾಗುತ್ತವೆ. ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪಲ್ ತೆಗೆದು ಬಿಳಿ ಹತ್ತಿ ದಾರ ಕಟ್ಟಿ, ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆಯಲ್ಲಿ ನೆಲದಿಂದ ಎತ್ತರಕ್ಕೆ, ಗೋಡೆಗೆ ತಾಗದಂತೆ ಇಟ್ಟು, ಪಟ್ಟಿ ಬರೆದರೆ ಅರ್ಧ ಕೆಲಸ ಮುಗಿಯಿತು. ಸಹಿ ಸಂಗ್ರಹದ ಹಾಳೆಗಳಲ್ಲಿ ಜನರ ವಿಳಾಸ, ಫೋನ್ ನಂಬರ್ ಇರುತ್ತವೆ. ಅವನ್ನು ಕೆಲವು ದಶಕ ಮುಚ್ಚಿಡುವುದು ನಂಬಿ ಸಹಿ ಹಾಕಿದವರಿಗೆ ಸಲ್ಲಬೇಕಾದ ಮರ್ಯಾದೆ.

ಇಂಥ ಕಾಗದಗಳಿಗೆ ಸಾರ್ವಜನಿಕ ನೆಲೆ ಸಿಕ್ಕ ಉದಾಹರಣೆಗಳಿವೆ. ಇಂಗ್ಲೆಂಡಿನ ಹಳ್ಳಿಗಾಡಿನ ರಕ್ಷಣೆಗೆ 1926ರಲ್ಲಿ ಹುಟ್ಟಿದ ಸಿಪಿಆರ್‌ಇ ಸಂಘಟನೆಯ ಕಡತಗಳು ರೆಡಿಂಗ್ ವಿಶ್ವವಿದ್ಯಾಲಯದ ಗ್ರಾಮೀಣ ಬದುಕಿನ ಮ್ಯೂಸಿಯಂನಲ್ಲಿ ಓದಲು ಸಿಗುತ್ತವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ತೆರೆದ ಪತ್ರಾಗಾರ ಸಮಕಾಲೀನ ಭಾರತದ ವಿಜ್ಞಾನ ಚರಿತ್ರೆಗಾಗಿ ಖಾಸಗಿ ಸಂಗ್ರಹಗಳನ್ನು ಕಾಪಾಡುತ್ತಿದೆ. ಕೊಡಗಿನ ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ಈ ಕೆಲಸ ಹೊರೆಯಾಗಲಾರದು. ಸಂಗ್ರಹಿಸುವವರು ವಿರೋಧಿಗಳದ್ದನ್ನು ಮಾತ್ರವಲ್ಲ, ರೈಲು ಬೇಕೆಂದ ಕುಶಾಲನಗರದ ವರ್ತಕರ ಮನವಿಗಳನ್ನೂ ಅಷ್ಟೇ ಕಾಳಜಿಯಿಂದ ಉಳಿಸಬೇಕು. ಒಂದೇ ಪಕ್ಷದ ಕಡತದಿಂದ ಚರಿತ್ರೆ ಬರೆಯಲಾಗದು. ಯಾವುದೇ ಸಮಿತಿಯಲ್ಲಿ ದುಡಿದವರು ತಮ್ಮ ಮನೆಯ ಬೀರುವಿನಲ್ಲಿರುವ ಕಟ್ಟನ್ನು ಮುಂದಿನ ಮಳೆಗಾಲಕ್ಕೆ ಮೊದಲು ಹೊರತೆಗೆದು, ಮೇಲೊಂದು ಚೀಟಿಯಲ್ಲಿ ಸಂಘದ ಹೆಸರು, ಇಸವಿ ಬರೆದಿಡಲಿ.