ಹಾರ್ಮಂಡ್ಸ್‌ವರ್ತಿನ ಹಿರಿಯ ಕಣಜ

ಇಂಗ್ಲೆಂಡಿನ ವಾಸ್ತುಶಿಲ್ಪವೆಂದೊಡನೆ ನಮ್ಮ ಮನಸ್ಸು ಅರಮನೆಗಳ ಕಡೆಗೂ ದೇವಾಲಯಗಳ ಕಡೆಗೂ ಹರಿಯುವುದು ಸಹಜ. ಆದರೆ ಆ ನಾಡಿನ ಬಡಗಿಗಳ ಕೌಶಲವನ್ನು ಅರಿಯಬೇಕಾದರೆ ನಾವು ಒಕ್ಕಲಿಗನ ಅಂಗಳಕ್ಕೆ ಹೋಗಬೇಕು. ಲಂಡನ್ ನಗರದ ಪಶ್ಚಿಮಕ್ಕಿರುವ ಹಾರ್ಮಂಡ್ಸ್‌ವರ್ತ್ ಗ್ರಾಮದಲ್ಲಿ ಅಂತಹ ಕಟ್ಟಡವೊಂದು ಆರು ಶತಮಾನಗಳಿಂದ ನಿಂತಿದೆ.

ಆಂಗ್ಲರು ಇದನ್ನು ‘ಬಾರ್ನ್’ ಎನ್ನುತ್ತಾರೆ. ಕಣಜವೆಂಬ ನಮ್ಮ ಮಾತು ಇದಕ್ಕೆ ಪೂರ್ತಿ ಹೊಂದದು. ನಮ್ಮಲ್ಲಿ ಮೆದೆಯೂ ಕಣವೂ ಬಯಲಿನಲ್ಲಿರುತ್ತವೆ. ಮಳೆಯನ್ನು ನಂಬಲಾಗದ ಆ ಶೀತದೇಶದಲ್ಲಾದರೋ ಕೊಯ್ದ ಸಿವುಡುಗಳನ್ನು ಸೂರಿನಡಿಯಲ್ಲಿ ಒಟ್ಟಿ, ಚಳಿಗಾಲದಲ್ಲಿ ಅಲ್ಲಿಯೇ ಬಡಿದು ಕಾಳು ತೆಗೆಯುತ್ತಿದ್ದರು.

ಬಿಷಪ್ ವಿಲಿಯಂ ಆಫ್ ವಿಕಮ್ 1391ರಲ್ಲಿ ಈ ಗ್ರಾಮದ ಜಹಗೀರನ್ನು ಸಂಪಾದಿಸಿ, ಬಡ ವಿದ್ಯಾರ್ಥಿಗಳಿಗಾಗಿ ತಾನು ಸ್ಥಾಪಿಸಿದ್ದ ವಿಂಚೆಸ್ಟರ್ ಕಾಲೇಜಿಗೆ ಒಪ್ಪಿಸಿದನು. ಆ ಕಾಲೇಜೇ 1425-27ರ ಅವಧಿಯಲ್ಲಿ ಈ ಕಣಜವನ್ನು ಕಟ್ಟಿಸಿತು. ಉಳುವವನ ಬೆವರಿನಿಂದ ವಿದ್ಯೆ ಪೋಷಿತವಾದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಟ್ಟಡದ ಉದ್ದ ಸುಮಾರು 192 ಅಡಿ, ಅಗಲ 37 ಅಡಿ, ಎತ್ತರ 39 ಅಡಿ. ಉದ್ದಕ್ಕೂ ಹನ್ನೆರಡು ಅಂಕಣಗಳು. ಒಳಹೊಕ್ಕರೆ ಓಕ್ ಮರದ ಕಂಬಗಳು ಎರಡು ಸಾಲಾಗಿ ನಿಂತಿವೆ. ನಡುವೆ ವಿಶಾಲವಾದ ಅಂಗಣ, ಇಕ್ಕೆಲಗಳಲ್ಲಿ ಕಿರಿದಾದ ಪಡಸಾಲೆಗಳು. ನೆಲದ ತೇವ ಏರದಂತೆ ಕಂಬಗಳ ಬುಡಕ್ಕೆ ಕಲ್ಲುಗಳನ್ನಿಟ್ಟಿದ್ದಾರೆ. ಕಂಬಕ್ಕೂ ತೊಲೆಗೂ ಬೆಸುಗೆ ಮರದ ಮೊಳೆಗಳದು. ಹೆಂಚಿನ ಮಹಾಭಾರ ಮೇಲಿನ ತೊಲೆಗಳಿಂದ ಕಂಬಗಳಿಗಿಳಿಯುವುದರಿಂದ, ಹಲಗೆಯ ಗೋಡೆಗಳು ಕೇವಲ ಮರೆಯಾಗಿವೆ. ಕ್ರೈಸ್ತ ದೇವಾಲಯದ ವಿನ್ಯಾಸವನ್ನು ನೆನಪಿಸುವ ಇದನ್ನು ಕವಿ ಜಾನ್ ಬೆಚಮನ್ ಮಿಡ್ಲ್‌ಸೆಕ್ಸ್ ಸೀಮೆಯ ಮಹಾದೇವಾಲಯವೆಂದು ಕರೆದುದು ಯುಕ್ತವೇ ಸರಿ.

ಇಂತಹ ಕಟ್ಟಡ ಉಳಿದುದು ಹೇಗೆ? ಜನರು ಅದನ್ನು ಪೂಜಿಸಿದ್ದರಿಂದಲ್ಲ, ಬಳಸಿದ್ದರಿಂದ. 1970ರ ದಶಕದವರೆಗೂ ಅದು ಬೇಸಾಯಕ್ಕೆ ಒದಗುತ್ತಿತ್ತು. ಸೂರು ಸೋರಿದರೆ ಬೆಳೆಯೇ ಕೆಡುವುದರಿಂದ ಒಡೆಯನು ದುರಸ್ತಿಯನ್ನು ಮರೆಯುವಂತಿರಲಿಲ್ಲ. ಬಳಕೆ ನಿಂತ ಮೇಲೆ ವಿಪತ್ತು ತೋರಿತು. 2006ರಲ್ಲಿ ಅದು ಕೇವಲ ಒಂದು ಪೌಂಡಿಗೆ ಕೈಬದಲಾಯಿತು. ಸಮೀಪದ ಹೀತ್ರೂ ವಿಮಾನ ನಿಲ್ದಾಣವನ್ನು ವಿಸ್ತರಿಸುವ ಯೋಜನೆಗಳ ಕರಿನೆರಳೂ ಆ ಗ್ರಾಮದ ಮೇಲೆ ಬಿದ್ದಿತು. 2009ರಲ್ಲಿ ‘ಇಂಗ್ಲಿಷ್ ಹೆರಿಟೇಜ್’ ಸಂಸ್ಥೆ ತುರ್ತು ದುರಸ್ತಿ ನಡೆಸಿತು. 2011ರಲ್ಲಿ 20,000 ಪೌಂಡು ತೆತ್ತು ಕಣಜವನ್ನೇ ಕೊಂಡು, ಮರುವರ್ಷ ಸಾರ್ವಜನಿಕರಿಗೆ ತೆರೆಯಿತು.

ರಾಜರ ಕೋಟೆಗಳನ್ನು ಕಾಯುವವರು ಅನೇಕರುಂಟು. ದುಡಿಮೆಗಾಗಿ ಹುಟ್ಟಿದ ಕಟ್ಟಡವಾದರೋ ದುಡಿಮೆ ತೀರಿದೊಡನೆ ಅನಾಥವಾಗುತ್ತದೆ. ಅನ್ನವನ್ನು ಕಾದ ಸೂರೂ ನಾಡಿನ ಚರಿತ್ರೆಯೇ ಎಂದು ನಾವು ಒಪ್ಪಿದಲ್ಲಿ ಮಾತ್ರ ಅದಕ್ಕೆ ಮತ್ತೊಬ್ಬ ಒಡೆಯನು ದೊರಕಿಯಾನು.