ಬೂರ್‌ಹಾವೆ ಸಿಂಡ್ರೋಮ್

ಬಲವಾಗಿ ವಾಂತಿಯಾಗುವಾಗ ಅನ್ನನಾಳದ ಗೋಡೆ ಒಳಗಿನಿಂದ ಹೊರಗಿನವರೆಗೆ ಪೂರ್ತಿ ಸೀಳಿಹೋಗುವ ಅಪರೂಪದ ಕಾಯಿಲೆ. 1724ರಲ್ಲಿ ಹಾಲೆಂಡಿನ ಲೈಡನ್‌ನ ವೈದ್ಯ ಹರ್ಮನ್ ಬೂರ್‌ಹಾವೆ ಇದನ್ನು ಮೊದಲು ವಿವರಿಸಿದರು. ಅವರ ರೋಗಿ, ನೌಕಾದಳದ ಹಿರಿಯ ಅಧಿಕಾರಿ ಯಾನ್ ವಾನ್ ವಾಸೆನಾರ್, ಹೊಟ್ಟೆಭಾರ ಕಳೆಯಲು ವಾಂತಿಯ ಮದ್ದು ಕುಡಿದರು. ತಡೆಯಲಾಗದ ಎದೆನೋವು ಬಂದು ಒಂದು ದಿನದೊಳಗೆ ತೀರಿಕೊಂಡರು. ಶವಪರೀಕ್ಷೆಯಲ್ಲಿ ಎದೆಗೂಡು ತೆರೆದಾಗ ಅವರು ತಿಂದಿದ್ದ ಬಾತುಕೋಳಿಯ ವಾಸನೆ ಬಂತು. ಅಲ್ಲಿಂದ ಎರಡು ಶತಮಾನಕ್ಕೂ ಹೆಚ್ಚು ಕಾಲ ಇದಕ್ಕೆ ಮದ್ದಿರಲಿಲ್ಲ. ಸೀಳು ಹೊಲಿದು ರೋಗಿಯನ್ನು ಉಳಿಸಿದ ವರದಿಯನ್ನು ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಪ್ರಕಟಿಸಿದ್ದು 1947ರಲ್ಲಿ.

ವಾಂತಿಯ ಒತ್ತಡಕ್ಕೆ ಗಂಟಲ ಬಳಿಯ ಸ್ನಾಯು ಸಡಿಲಗೊಳ್ಳದಿದ್ದರೆ ನಾಳದ ಕೆಳಭಾಗ, ಹೆಚ್ಚಾಗಿ ಎಡಬದಿಯಲ್ಲಿ, ಉದ್ದಕ್ಕೆ ಬಿರಿಯುತ್ತದೆ. ಆಹಾರ, ಆಮ್ಲ, ಗಾಳಿ ಎಲ್ಲವೂ ಎದೆಯೊಳಗೆ ಸೋರಿ ಸೋಂಕು ಹಬ್ಬುತ್ತದೆ. ವಿಪರೀತ ಕುಡಿತ, ಅತಿಯಾದ ಊಟದ ನಂತರದ ವಾಂತಿ ಸಾಮಾನ್ಯ ಹಿನ್ನೆಲೆ.

ಗುರುತಿಸುವಲ್ಲಿ ಅನುಕ್ರಮವೇ ಮುಖ್ಯ: ಮೊದಲು ವಾಂತಿ, ಅದರ ಬೆನ್ನಿಗೇ ಎದೆಯಲ್ಲೋ ಮೇಲ್ಹೊಟ್ಟೆಯಲ್ಲೋ ಕಡುನೋವು. ಕೆಲವರಿಗೆ ಕತ್ತಿನ ಚರ್ಮ ಊದಿಕೊಂಡು, ಒತ್ತಿದರೆ ಕಡ್ಲೆಪುರಿ ಹಿಸುಕಿದಂತೆ ಚರಚರ ಎನ್ನುತ್ತದೆ. ಈ ಮೂರೂ ಒಟ್ಟಿಗೆ ಎಲ್ಲರಲ್ಲೂ ಕಾಣುವುದಿಲ್ಲ. ಹಾಗಾಗಿ ಹೃದಯಾಘಾತ, ಅಲ್ಸರ್, ಮೇದೋಜೀರಕ ಗ್ರಂಥಿಯ ಉರಿಯೂತ ಎಂದು ತಪ್ಪು ತಿಳಿಯುವುದುಂಟು. ಇಸಿಜಿ ನೋಡದೆ, ವಾಂತಿಯ ವಿಷಯ ಕೇಳದೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವುದು ಇಲ್ಲಿ ಅಪಾಯ. ಆರಂಭದ ಎಕ್ಸ್‌ರೇ ಸಹಜವಾಗಿಯೇ ಕಾಣಬಹುದು, ಸಿ.ಟಿ. ಸ್ಕ್ಯಾನ್ ಸೋರಿಕೆಯನ್ನು ತೋರಿಸುತ್ತದೆ.

ಕೋಲಾರ ಜಿಲ್ಲೆಯ ಕೆಜಿಎಫ್, ಬಂಗಾರಪೇಟೆಯಂಥ ಊರುಗಳಲ್ಲಿ ಈ ಕಾಯಿಲೆ ದೂರದ ಲೆಕ್ಕವೂ ಹೌದು. ಎದೆಯ ಶಸ್ತ್ರಚಿಕಿತ್ಸೆಯಂಥ ದೊಡ್ಡ ಕೆಲಸಕ್ಕೆ ಕೆಜಿಎಫ್‌ನವರು ಸುಮಾರು 30 ಕಿಲೋಮೀಟರ್ ದೂರದ ಕೋಲಾರಕ್ಕೋ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಗೋ, 100 ಕಿಲೋಮೀಟರ್ ಆಚೆಯ ಬೆಂಗಳೂರಿಗೋ ಹೋಗುತ್ತಾರೆ. 24 ಗಂಟೆಯೊಳಗೆ ಚಿಕಿತ್ಸೆ ಸಿಕ್ಕರೆ ಉಳಿಯುವ ಸಾಧ್ಯತೆ ಬಹಳ ಹೆಚ್ಚು; ಚಿಕಿತ್ಸೆಯೇ ಸಿಗದಿದ್ದರೆ ಬದುಕುವವರು ತೀರ ವಿರಳ. ಆದ್ದರಿಂದ ‘ಗ್ಯಾಸು’ ಎಂದುಕೊಂಡು ಸೋಡಾ, ಓಮದ ನೀರು, ಮಜ್ಜಿಗೆ ಕುಡಿಸಬಾರದು. ಕುಡಿದದ್ದು ಎದೆಗೇ ಇಳಿಯಬಹುದು. ಬೆಂಗಳೂರಿಗೆ ಹೋಗುವ ಮಾರಿಕುಪ್ಪಂನ ಬೆಳಗಿನ ರೈಲಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಬಾಯಿಂದ ಏನೂ ಕೊಡದೆ ಡ್ರಿಪ್, ಆಂಟಿಬಯಾಟಿಕ್, ಆಮ್ಲ ತಗ್ಗಿಸುವ ಔಷಧಿಯಿಂದ ಚಿಕಿತ್ಸೆ ಶುರುವಾಗುತ್ತದೆ. ಇಷ್ಟನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಆರಂಭಿಸಿ ಮುಂದಕ್ಕೆ ಕಳಿಸಬಹುದು. ಎದೆಯೊಳಗಿನ ಕೊಳೆಯನ್ನು ನಳಿಗೆಯಿಂದ ಹೊರತೆಗೆದು, ಸತ್ತ ಅಂಗಾಂಶ ಕತ್ತರಿಸಿ, ಸೀಳನ್ನು ಹೊಲಿಯುವುದು ಮುಖ್ಯ ಶಸ್ತ್ರಚಿಕಿತ್ಸೆ. ಆಯ್ದ ರೋಗಿಗಳಿಗೆ ಎಂಡೋಸ್ಕೋಪಿಯ ಮೂಲಕ ಸ್ಟೆಂಟ್ ಕೂರಿಸುತ್ತಾರೆ. ಸೋರಿಕೆ ಸಣ್ಣದಾಗಿ ಒಂದೆಡೆ ನಿಂತಿದ್ದರೆ ಕತ್ತರಿ ಹಾಕದೆ ಕಾದು ನೋಡುವುದೂ ಉಂಟು. ಸೀಳು ಮಾಯುವವರೆಗೆ ಆಹಾರ ಸಾಮಾನ್ಯವಾಗಿ ಸಣ್ಣ ಕರುಳಿಗೆ ಹಾಕಿದ ನಳಿಗೆಯಲ್ಲಿ ಹೋಗುತ್ತದೆ. ಸೋರಿಕೆ ನಿಂತಿದೆ ಎಂದು ಬಣ್ಣದ್ರವದ ಎಕ್ಸ್‌ರೇಯಲ್ಲಿ ಕಂಡ ಮೇಲಷ್ಟೇ ಬಾಯಿಗೆ ಮೊದಲ ಗುಟುಕು ನೀರು.