ಶಿಪ್‌ಟೆಂಬರ್

ಲೆಗೊ ಬಿಡಿಭಾಗಗಳಿಂದ ಕಾಲ್ಪನಿಕ ಅಂತರಿಕ್ಷ ನೌಕೆ ಕಟ್ಟುವ ವಯಸ್ಕ ಹವ್ಯಾಸಿಗಳು ಪ್ರತಿವರ್ಷ ಸೆಪ್ಟೆಂಬರ್‌ನಲ್ಲಿ ಕೈಗೊಳ್ಳುವ ಸವಾಲು. ನೌಕೆ ಕನಿಷ್ಠ 100 ಸ್ಟಡ್ ಉದ್ದವಿರಬೇಕು, ತಿಂಗಳೊಳಗೆ ಮುಗಿಯಬೇಕು. ಸ್ಟಡ್ ಎಂದರೆ ಇಟ್ಟಿಗೆಯ ತಲೆಯ ಮೇಲಿನ ಗುಂಡನೆಯ ಉಬ್ಬು. ಒಂದರಿಂದ ಇನ್ನೊಂದಕ್ಕೆ 8 ಮಿ.ಮೀ. ಅಂತರವಿರುವುದರಿಂದ 100 ಸ್ಟಡ್ ಎಂದರೆ 80 ಸೆಂ.ಮೀ. ಇಷ್ಟುದ್ದದ ನೌಕೆ ತನ್ನ ಭಾರಕ್ಕೇ ನಡುವೆ ಬಾಗುತ್ತದೆ. ಆದ್ದರಿಂದ ಒಳಗೆ ಲೆಗೊದ್ದೇ ಟೆಕ್ನಿಕ್ ಸರಣಿಯ ತೊಲೆಗಳ ಬೆನ್ನೆಲುಬು ಹಾಕಿ, ಹೊರಮೈಯ ಫಲಕಗಳನ್ನು ಸ್ಟಡ್‌ಗಳು ಪಕ್ಕಕ್ಕೆ ಮುಖ ಮಾಡುವಂತೆ ಕೂರಿಸುತ್ತಾರೆ. ನಿಜವಾದ ಕಸುಬು ಇರುವುದು ಈ ಒಳಗಟ್ಟಿನಲ್ಲೇ, ನೋಡುವವರ ಕಣ್ಣಿಗೆ ಬೀಳದ ಕಡೆ.

ಹವ್ಯಾಸಿಗಳ ಮುಗಿಯದ ಚರ್ಚೆ ‘ಗ್ರೀಬಲ್’ ಕುರಿತದ್ದು: ಯಂತ್ರದ ಭ್ರಮೆ ಹುಟ್ಟಿಸಲು ಮೈಮೇಲೆ ಜೋಡಿಸುವ ಕೊಳವೆ, ಸನ್ನೆ, ಚಕ್ರಗಳು. ಹದ ಮೀರಿದರೆ ನೌಕೆಯ ಆಕಾರವೇ ಕಳೆದುಹೋಗುತ್ತದೆ. ಬಣ್ಣದಲ್ಲಿ ಅನೇಕರಿಗೆ 1978ರ ಲೆಗೊ ಸ್ಪೇಸ್ ಸರಣಿಯ ನೀಲಿ, ಬೂದು, ಪಾರದರ್ಶಕ ಹಳದಿಯೇ ಮಾದರಿ. ಕಂಪನಿಯೂ ಈ ಮೋಹವನ್ನು ಗುರುತಿಸಿತು: ಆ ಕಾಲದ ‘ಗ್ಯಾಲಕ್ಸಿ ಎಕ್ಸ್‌ಪ್ಲೋರರ್’ ನೌಕೆಯನ್ನು ತನ್ನ 90ನೇ ವರ್ಷದಲ್ಲಿ, 2022ರಲ್ಲಿ, 1,254 ಭಾಗಗಳ ದೊಡ್ಡ ಸೆಟ್ ಆಗಿ ಮತ್ತೆ ಮಾರುಕಟ್ಟೆಗೆ ತಂದಿತು.